ಮಕ್ಕಳು ಮತ್ತು ಪರದೆ: ಮನೆಯಲ್ಲಿ ಎಷ್ಟು, ಶಿಶುಪಾಲನಾ ಕೇಂದ್ರದಲ್ಲಿ ಎಷ್ಟು?

ಈ ಅಂಕಣಕ್ಕೆ ಕಳೆದ ಕೆಲವು ವಾರಗಳಲ್ಲಿ ಬಂದ ಪತ್ರಗಳಲ್ಲಿ ಹೆಚ್ಚಿನವು ಚಿಕ್ಕ ಮಕ್ಕಳ ಮೊಬೈಲ್ ಮತ್ತು ಟಿವಿ ವೀಕ್ಷಣೆಯ ಕುರಿತಾಗಿದ್ದುದರಿಂದ, ಈ ಸಂಚಿಕೆಯ ಅಂಕಣವನ್ನು ಆ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಕೈಬಿಡಲಾಗಿದೆ. ಉದ್ದದ ಪತ್ರಗಳ ಸಾರಾಂಶವನ್ನು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ನನ್ನ ಮಗಳಿಗೆ ಹದಿನಾಲ್ಕು ತಿಂಗಳು. ಶಿಶುಗೀತೆಗಳ ವಿಡಿಯೊ ಹಾಕಿದರೆ ಕಣ್ಣು ಮಿಟುಕಿಸದೆ ನೋಡುತ್ತಾಳೆ. ಅದರಿಂದ ಬಣ್ಣಗಳ, ಪ್ರಾಣಿಗಳ ಹೆಸರುಗಳನ್ನು ಬೇಗ ಕಲಿಯುತ್ತಾಳೆ ಎಂದು ಮನೆಯವರು ಹೇಳುತ್ತಾರೆ. ದಿನಕ್ಕೆ ಎಷ್ಟು ನಿಮಿಷ ತೋರಿಸಬಹುದು?

ಉತ್ತರ: ಈ ವಯಸ್ಸಿನಲ್ಲಿ ನಿಮಿಷಗಳ ಲೆಕ್ಕಕ್ಕೆ ಹೋಗುವ ಅಗತ್ಯವೇ ಇಲ್ಲ, ತೋರಿಸದಿದ್ದರೆ ಮಗುವಿಗೆ ಯಾವ ನಷ್ಟವೂ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಐದು ವರ್ಷದೊಳಗಿನ ಮಕ್ಕಳಿಗಾಗಿ 2019ರಲ್ಲಿ ಹೊರತಂದ ಮಾರ್ಗಸೂಚಿಯು ಎರಡು ವರ್ಷ ತುಂಬುವವರೆಗೆ ಮಗುವನ್ನು ಪರದೆಯ ಮುಂದೆ ಕೂರಿಸುವುದನ್ನು ಶಿಫಾರಸು ಮಾಡುವುದಿಲ್ಲ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ ಎಂದು ಹೇಳಿ, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದು ಸೇರಿಸುತ್ತದೆ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯು 2016ರಲ್ಲಿ ನೀಡಿದ ಸಲಹೆಯೂ ಹೆಚ್ಚು ಭಿನ್ನವಲ್ಲ: ಹದಿನೆಂಟು ತಿಂಗಳವರೆಗೆ ವಿಡಿಯೊ ಕರೆಯ ಹೊರತು ಬೇರೇನೂ ಬೇಡ, ಅಲ್ಲಿಂದ ಎರಡು ವರ್ಷದವರೆಗೆ ತೋರಿಸಲೇಬೇಕೆಂದಿದ್ದರೆ ಒಳ್ಳೆಯದನ್ನು ಆರಿಸಿ, ಜೊತೆಯಲ್ಲಿ ಕೂತು ತೋರಿಸಿ.

ವಿಶ್ವ ಆರೋಗ್ಯ ಸಂಸ್ಥೆಯ ಆ ದಾಖಲೆಯ ಮುಖ್ಯ ವಿಷಯ ನಿದ್ದೆ, ಚಟುವಟಿಕೆ ಮತ್ತು ಕೂತಿರುವ ಅವಧಿ. ಪರದೆಯ ಮಾತು ಅದರ ಒಂದು ಭಾಗವಾಗಿ ಮಾತ್ರ ಬರುತ್ತದೆ. ನಿಮ್ಮ ಮಗಳ ವಯಸ್ಸಿನ ಮಗುವಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಎಚ್ಚರವಿರುವ ಹೊತ್ತಿನಲ್ಲಿ ಕನಿಷ್ಠ 180 ನಿಮಿಷ ಓಡಾಟ, ಹತ್ತಿಳಿಯುವುದು, ಉರುಳಾಟ ಬೇಕು. ಇವುಗಳ ಜೊತೆಗೆ ಊಟ, ಸ್ನಾನ, ಬಟ್ಟೆ ಬದಲಿಸುವ ಹೊತ್ತನ್ನೂ ಕಳೆದು ನೋಡಿದರೆ ಉಳಿಯುವ ಸಮಯ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಪರದೆ ಆ ಉಳಿದ ಸಮಯದಲ್ಲಿ ಯಾವುದರ ಜಾಗವನ್ನು ಆಕ್ರಮಿಸುತ್ತದೆ ಎಂಬ ಪ್ರಶ್ನೆಯನ್ನು ಈ ಅಂಕಣದಲ್ಲಿ ನಾನು ಮತ್ತೆ ಮತ್ತೆ ಎತ್ತಬೇಕಾಗುತ್ತದೆ.

ಕಲಿಕೆಯ ಬಗ್ಗೆ ನಿಮ್ಮ ಮನೆಯವರ ನಂಬಿಕೆ ಸಹಜವಾದದ್ದೇ, ಆದರೆ ಅದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. 2003ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು, ಇಂಗ್ಲಿಷ್ ಮನೆಮಾತಿನ ಒಂಬತ್ತು ತಿಂಗಳ ಶಿಶುಗಳಿಗೆ ಹನ್ನೆರಡು ಬಾರಿ ಚೀನೀ ಮ್ಯಾಂಡರಿನ್ ಭಾಷೆಯನ್ನು ಕೇಳಿಸಿದರು. ಕೆಲವು ಶಿಶುಗಳ ಎದುರು ಆ ಭಾಷೆಯವರೇ ಕೂತು ಆಟಿಕೆ, ಪುಸ್ತಕಗಳನ್ನು ತೋರಿಸುತ್ತಾ ಮಾತನಾಡಿದರು. ಇನ್ನು ಕೆಲವಕ್ಕೆ ಅದೇ ಜನರ ವಿಡಿಯೊ ತೋರಿಸಲಾಯಿತು. ಎದುರಿಗೆ ಮನುಷ್ಯರಿದ್ದ ಶಿಶುಗಳು ಆ ಭಾಷೆಯ ಧ್ವನಿಗಳಲ್ಲಿನ ಸೂಕ್ಷ್ಮ ವ್ಯತ್ಯಾಸವನ್ನು ಗುರುತಿಸುವುದನ್ನು ಕಲಿತವು. ವಿಡಿಯೊ ನೋಡಿದವು ಏನನ್ನೂ ಕಲಿಯಲಿಲ್ಲ. 2010ರಲ್ಲಿ ಜೂಡಿ ಡಿಲೋಶ್ ಅವರ ತಂಡ, ಹನ್ನೆರಡರಿಂದ ಹದಿನೆಂಟು ತಿಂಗಳ ಮಕ್ಕಳ ಮನೆಗಳಲ್ಲಿ ಪದಗಳನ್ನು ಕಲಿಸುವುದಕ್ಕೆಂದೇ ಮಾರಾಟವಾಗುತ್ತಿದ್ದ ಒಂದು ವಿಡಿಯೊವನ್ನು ಪರೀಕ್ಷಿಸಿತು. ನಾಲ್ಕು ವಾರ ನೋಡಿದ ಮಕ್ಕಳು ನೋಡದ ಮಕ್ಕಳಿಗಿಂತ ಹೆಚ್ಚು ಪದಗಳನ್ನು ಕಲಿತಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಕಲಿತದ್ದು, ವಿಡಿಯೊ ಇಲ್ಲದೆ ತಂದೆತಾಯಿಯರೇ ಅದೇ ಪದಗಳನ್ನು ದಿನದ ಮಾತಿನಲ್ಲಿ ಬಳಸಿದ ಮನೆಗಳ ಮಕ್ಕಳು. ಆ ವಿಡಿಯೊವನ್ನು ಮೆಚ್ಚಿದ ತಂದೆತಾಯಿಯರು ಮಾತ್ರ ತಮ್ಮ ಮಗು ಬಹಳ ಕಲಿತಿದೆ ಎಂದೇ ನಂಬಿದ್ದರು.

ಕಣ್ಣು ಮಿಟುಕಿಸದೆ ನೋಡುವುದು ಆಸಕ್ತಿಯ ಲಕ್ಷಣವೆಂದು ನಮಗೆ ತೋರುತ್ತದೆ. ಕ್ಷಣಕ್ಷಣಕ್ಕೂ ದೃಶ್ಯ ಬದಲಾದರೆ, ಶಬ್ದ ಏರಿಳಿದರೆ ಯಾವ ಶಿಶುವಾದರೂ ಅತ್ತ ತಿರುಗಲೇಬೇಕು. ಅದು ಅರ್ಥ ಮಾಡಿಕೊಂಡಿದ್ದಕ್ಕೆ ಸಾಕ್ಷಿಯಲ್ಲ. ದೂರದಲ್ಲಿರುವ ಅಜ್ಜಿ ತಾತಂದಿರ ಜೊತೆ ವಿಡಿಯೊ ಕರೆ ಮಾಡುವುದಕ್ಕೆ ಮಾತ್ರ ಸಂಕೋಚ ಬೇಡ. ಅಲ್ಲಿ ಮಗು ನಕ್ಕರೆ ಎದುರಿನವರು ನಗುತ್ತಾರೆ, ತೊದಲಿದರೆ ಮರುಮಾತು ಕೊಡುತ್ತಾರೆ. ಎರಡರಿಂದ ಎರಡೂವರೆ ವರ್ಷದ ಮಕ್ಕಳು ಇಂಥ ನೇರ ಕರೆಯಿಂದ ಹೊಸ ಕ್ರಿಯಾಪದಗಳನ್ನು ಕಲಿತರು, ಮೊದಲೇ ಚಿತ್ರೀಕರಿಸಿಟ್ಟ ವಿಡಿಯೊದಿಂದ ಕಲಿಯಲಿಲ್ಲ ಎಂಬುದನ್ನು 2014ರ ಒಂದು ಪ್ರಯೋಗ ತೋರಿಸಿದೆ.

ಪ್ರಶ್ನೆ: ಎರಡು ವರ್ಷದ ಮಗ ಮೊಬೈಲ್ ನೋಡದೆ ಒಂದು ತುತ್ತೂ ತಿನ್ನುವುದಿಲ್ಲ. ಮೊಬೈಲ್ ತೆಗೆದರೆ ಬಾಯಿ ಮುಚ್ಚಿಬಿಡುತ್ತಾನೆ. ಹಸಿದುಕೊಂಡೇ ಮಲಗಿದರೆ ಎಂಬ ಭಯದಿಂದ ಮತ್ತೆ ಕೊಡುತ್ತೇನೆ.

ಉತ್ತರ: ನಿಮ್ಮ ಭಯದ ಬೇರು ಮೊಬೈಲಿಗಿಂತ ಹಿಂದೆ ಇದೆ ಎಂದು ನನಗನ್ನಿಸುತ್ತದೆ. ಹುಟ್ಟಿದಾಗಿನ ತೂಕ ಮೊದಲ ವರ್ಷದಲ್ಲಿ ಸುಮಾರು ಮೂರು ಪಟ್ಟಾಗುತ್ತದೆ. ಎರಡನೆಯ ವರ್ಷವಿಡೀ ಹೆಚ್ಚುವುದು ಎರಡು, ಎರಡೂವರೆ ಕಿಲೊ ಮಾತ್ರ. ಬೆಳವಣಿಗೆಯ ವೇಗ ತಗ್ಗಿದಾಗ ಹಸಿವೂ ತಗ್ಗುತ್ತದೆ. ಇದನ್ನು ತಿಳಿಯದ ಹಿರಿಯರು ‘ಮಗು ತಿನ್ನುವುದನ್ನೇ ಬಿಟ್ಟಿದೆ’ ಎಂದು ಗಾಬರಿಯಾಗುವ ವಯಸ್ಸು ಇದೇ, ಮೊಬೈಲ್ ಊಟದ ಜಾಗಕ್ಕೆ ಬರುವ ವಯಸ್ಸೂ ಬಹುತೇಕ ಇದೇ. ಪರದೆಯಲ್ಲಿ ಮನಸ್ಸು ಮುಳುಗಿರುವಾಗ ಮಗು ಬಾಯಿ ತೆರೆಯುತ್ತದೆ ನಿಜ, ಆದರೆ ತನ್ನ ಹೊಟ್ಟೆ ತುಂಬಿತೋ ಇಲ್ಲವೋ ಎಂಬುದನ್ನು ಗಮನಿಸುವುದಿಲ್ಲ. ಅಗಿಯುವುದನ್ನು, ರುಚಿ ತಿಳಿಯುವುದನ್ನು, ಸಾಕು ಎನ್ನುವುದನ್ನು ಕಲಿಯಬೇಕಾದ ಸಮಯದಲ್ಲಿ ಬಾಯಿ ತೆರೆಯುವುದನ್ನು ಮಾತ್ರ ಕಲಿಯುತ್ತದೆ.

ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಊಟದ ಹೊಣೆಯನ್ನು ಇಬ್ಬರಲ್ಲಿ ಹಂಚಿದ್ದಾರೆ: ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರದು, ತಿನ್ನಬೇಕೆ, ಎಷ್ಟು ತಿನ್ನಬೇಕು ಎಂಬುದು ಮಗುವಿನದು. ಅದನ್ನು ಒಪ್ಪುವುದು ಕಷ್ಟ, ಆದರೆ ಮೊಬೈಲ್ ಬಿಡಿಸುವುದಕ್ಕೆ ಅದಕ್ಕಿಂತ ಗಟ್ಟಿಯಾದ ಆಧಾರ ನನಗೆ ಕಾಣುತ್ತಿಲ್ಲ. ನಿಮ್ಮ ಮಕ್ಕಳ ವೈದ್ಯರ ಬಳಿ ಮಗನ ತೂಕ, ಎತ್ತರಗಳನ್ನು ಒಮ್ಮೆ ಬೆಳವಣಿಗೆಯ ನಕ್ಷೆಯಲ್ಲಿ ಗುರುತು ಮಾಡಿಸಿ. ಬೆಳವಣಿಗೆ ಸರಿಯಾಗಿದೆ ಎಂದಾದರೆ ಧೈರ್ಯವಾಗಿ ಮುಂದುವರಿಯಿರಿ. ಮೊದಲು ಮನೆಯವರೆಲ್ಲ ಇರುವ ಒಂದು ಹೊತ್ತಿನ ಊಟದಿಂದ ಮೊಬೈಲನ್ನು ಹೊರಗಿಡಿ. ಮಗುವನ್ನೂ ಜೊತೆಯಲ್ಲಿ ಕೂರಿಸಿ, ಅವನ ಪಾಲನ್ನು ಅವನ ಕೈಗೇ ಕೊಡಿ, ಚೆಲ್ಲಲಿ. ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆಯಾದ ಮೇಲೆ ತಟ್ಟೆ ತೆಗೆದುಬಿಡಿ. ಮುಂದಿನ ಊಟದವರೆಗೆ ನಡುನಡುವೆ ಹಾಲು, ಬಿಸ್ಕತ್ತುಗಳಿಂದ ಹೊಟ್ಟೆ ತುಂಬಿಸಬೇಡಿ. ಮೊದಲ ಕೆಲವು ದಿನ ಅವನು ಕಡಿಮೆ ತಿನ್ನುತ್ತಾನೆ, ನಿಮ್ಮ ಮನೆಯಲ್ಲಿ ಒಂದಿಬ್ಬರು ನಿಮ್ಮ ಮೇಲೆ ಸಿಟ್ಟಾಗುತ್ತಾರೆ. ಆ ಒಂದಿಬ್ಬರನ್ನು ಮುಂಚಿತವಾಗಿ ಒಪ್ಪಿಸಿಕೊಳ್ಳುವುದು ಮಗುವನ್ನು ಒಪ್ಪಿಸುವುದಕ್ಕಿಂತ ಮುಖ್ಯ.

ಪ್ರಶ್ನೆ: ನಾವಿಬ್ಬರೂ ಉದ್ಯೋಗದಲ್ಲಿದ್ದೇವೆ. ಮೂರು ವರ್ಷದ ಮಗಳನ್ನು ಶಿಶುಪಾಲನಾ ಕೇಂದ್ರದಲ್ಲಿ ಬಿಡುತ್ತೇವೆ. ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಟಿವಿ ಇಲ್ಲ. ಆದರೆ ಸಂಜೆ ಕರೆತರಲು ಹೋದಾಗಲೆಲ್ಲ ಅಲ್ಲಿ ಎಲ್ಲ ಮಕ್ಕಳೂ ಟಿವಿಯ ಮುಂದೆ ಕೂತಿರುತ್ತಾರೆ. ಕೇಳಿದರೆ ‘ಸ್ವಲ್ಪ ಹೊತ್ತು ಅಷ್ಟೇ’ ಎನ್ನುತ್ತಾರೆ. ಮನಸ್ತಾಪವಾಗದಂತೆ ಹೇಗೆ ವಿಚಾರಿಸಬೇಕು?

ಉತ್ತರ: ಮನೆಯವರು ಮನೆಯ ಲೆಕ್ಕವನ್ನೂ ಕೇಂದ್ರದವರು ಕೇಂದ್ರದ ಲೆಕ್ಕವನ್ನೂ ಇಟ್ಟುಕೊಂಡು, ಎರಡನ್ನೂ ಕೂಡಿಸುವವರು ಯಾರೂ ಇಲ್ಲದಿರುವುದು ಈ ವಿಷಯದ ದೊಡ್ಡ ತೊಡಕು. ದಿನಕ್ಕೆ 1 ಗಂಟೆಯ ಮಿತಿ ಇರುವುದು ಮಗುವಿಗೆ. ಮನೆಗೊಂದು ಗಂಟೆ, ಕೇಂದ್ರಕ್ಕೊಂದು ಗಂಟೆ ಎಂದಲ್ಲ. ಮನೆಗೆ ಬಂದ ಮೇಲೆ ಅಡುಗೆ ಮಾಡುವ ಹೊತ್ತಿನಲ್ಲಿ ಹೆಚ್ಚಿನ ಮಕ್ಕಳಿಗೆ ಹೇಗೂ ಒಂದಿಷ್ಟು ಟಿವಿ ಸಿಗುತ್ತದೆ. ಹಾಗಾಗಿ ಕೇಂದ್ರದ ಪಾಲು ಸೊನ್ನೆಗೆ ಹತ್ತಿರವಿರಬೇಕು ಎಂಬುದು ನನ್ನ ನಿಲುವು.

ಇದು ನನ್ನೊಬ್ಬನ ಕಟ್ಟುನಿಟ್ಟಲ್ಲ. ಅಮೆರಿಕದಲ್ಲಿ ಮಿಶೆಲ್ ಒಬಾಮ ಅವರ ನೇತೃತ್ವದಲ್ಲಿ 2011ರಲ್ಲಿ ಶಿಶುಪಾಲನಾ ಕೇಂದ್ರಗಳಿಗಾಗಿ ಆರಂಭವಾದ ಅಭಿಯಾನವು, ಎರಡು ವರ್ಷದೊಳಗಿನವರಿಗೆ ಪರದೆಯೇ ಬೇಡವೆಂದೂ ಅದಕ್ಕಿಂತ ದೊಡ್ಡವರಿಗೆ ಕೇಂದ್ರದಲ್ಲಿ ವಾರಕ್ಕೆ 30 ನಿಮಿಷ ಮೀರದಿರಲಿ ಎಂದೂ ಗುರಿ ಇಟ್ಟಿತ್ತು. ದಿನಕ್ಕಲ್ಲ, ವಾರಕ್ಕೆ. ಫ್ರಾನ್ಸ್ 2025ರಲ್ಲಿ ಇನ್ನೂ ಮುಂದೆ ಹೋಗಿ, ಮೂರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಗಳಲ್ಲಿ ಮಕ್ಕಳಿಗೆ ಪರದೆ ತೋರಿಸುವುದನ್ನೇ ನಿಷೇಧಿಸಿತು. ಮಗುವನ್ನು ನೋಡಿಕೊಳ್ಳುವುದಕ್ಕೆಂದೇ ನೇಮಕವಾದವರು ಇರುವ ಸ್ಥಳದಲ್ಲಿ, ಮಗು ಇತರ ಮಕ್ಕಳ ಜೊತೆ ಜಗಳವಾಡಿ ರಾಜಿಯಾಗುವುದನ್ನು, ಸರದಿಗಾಗಿ ಕಾಯುವುದನ್ನು ಕಲಿಯಬಹುದಾದ ಸ್ಥಳದಲ್ಲಿ, ಎಲ್ಲರನ್ನೂ ಒಂದೇ ಕಡೆ ಮುಖ ಮಾಡಿ ಕೂರಿಸುವುದಕ್ಕೆ ಹೆಚ್ಚಿನ ಸಮರ್ಥನೆ ಇಲ್ಲ.

ಇನ್ನು ಕೇಳುವ ಬಗೆ. ಸಂಜೆ ಮಗುವನ್ನು ಕರೆದೊಯ್ಯುವ ಗಡಿಬಿಡಿಯಲ್ಲಿ, ಬಾಗಿಲಲ್ಲಿ ನಿಂತು, ಇತರ ಪೋಷಕರ ಎದುರಿಗೆ ಕೇಳಬೇಡಿ. ಅಲ್ಲಿ ಸಿಗುವುದು ‘ಸ್ವಲ್ಪ ಹೊತ್ತು ಅಷ್ಟೇ’ ಎಂಬ ಉತ್ತರವೇ. ಮೇಲ್ವಿಚಾರಕರ ಬಳಿ ಹದಿನೈದು ನಿಮಿಷದ ಭೇಟಿ ಕೋರಿ. ಪರದೆಯ ಬಗ್ಗೆ ಕೇಂದ್ರಕ್ಕೆ ಬರಹದಲ್ಲಿರುವ ನಿಯಮ ಇದೆಯೇ ಎಂಬುದೇ ಮೊದಲ ಪ್ರಶ್ನೆಯಾಗಿರಲಿ. ಇಲ್ಲವೆಂದಾದರೆ ಆಗಲೇ ಮಾತಿಗೆ ಒಂದು ದಾರಿ ಸಿಕ್ಕಿತು, ಏಕೆಂದರೆ ನಿಯಮ ಮಾಡಿ ಎಂದು ಕೇಳುವುದು ಯಾರ ಮೇಲೂ ದೂರು ಹೇಳಿದಂತಾಗುವುದಿಲ್ಲ. ಯಾವ ಹೊತ್ತಿಗೆ ಟಿವಿ ಹಾಕುತ್ತಾರೆ, ಏನನ್ನು ತೋರಿಸಬೇಕೆಂದು ಯಾರು ನಿರ್ಧರಿಸುತ್ತಾರೆ, ನೋಡಲು ಇಷ್ಟವಿಲ್ಲದ ಮಗುವಿಗೆ ಆ ಹೊತ್ತಿನಲ್ಲಿ ಬೇರೇನು ಇದೆ, ಊಟದ ಮತ್ತು ಮಲಗುವ ಕೋಣೆಯಲ್ಲಿ ಟಿವಿ ಇದೆಯೇ, ಮಕ್ಕಳ ಜೊತೆಗಿರುವಾಗ ಸಿಬ್ಬಂದಿ ತಮ್ಮ ಮೊಬೈಲನ್ನು ಎಲ್ಲಿಡುತ್ತಾರೆ ಎಂಬುದನ್ನೂ ವಿಚಾರಿಸಿ. ಕೊನೆಯ ಪ್ರಶ್ನೆ ಸ್ವಲ್ಪ ಮುಜುಗರದ್ದು, ಆದರೂ ಬಿಡಬೇಡಿ. ನಿಮ್ಮ ಮನೆಯಲ್ಲಿ ಎಷ್ಟು ನೋಡುತ್ತಾಳೆ ಎಂಬುದನ್ನು ನೀವೇ ಮೊದಲು ಹೇಳಿದರೆ, ನೀವು ತನಿಖೆಗೆ ಬಂದಿದ್ದೀರಿ ಎಂಬ ಭಾವನೆ ಅವರಿಗೆ ಬರುವುದಿಲ್ಲ. ಇನ್ನೂ ಇಬ್ಬರು ಮೂವರು ಪೋಷಕರು ಇದೇ ಮಾತನ್ನು ಆಡುವಂತಾದರೆ ಇನ್ನೂ ಒಳ್ಳೆಯದು.

ಒಂದು ಎಚ್ಚರಿಕೆಯ ಮಾತು: ನೀವು ನೋಡಿರುವುದು ದಿನದ ಕಡೆಯ ಅರ್ಧ ಗಂಟೆಯನ್ನು ಮಾತ್ರ. ಉಳಿದ ಹೊತ್ತಿನಲ್ಲಿ ಅವರು ಮಕ್ಕಳನ್ನು ಹೊರಗೆ ಆಡಿಸಿ, ಕಥೆ ಹೇಳಿ, ಚೆನ್ನಾಗಿ ನೋಡಿಕೊಳ್ಳುತ್ತಿರಬಹುದು. ಆ ಅರ್ಧ ಗಂಟೆ ಏಕೆ ಕಷ್ಟವೆಂಬುದನ್ನು ಮುಂದಿನ ಪತ್ರವೇ ಹೇಳುತ್ತದೆ.

ಪ್ರಶ್ನೆ: ನಾನು ಶಿಶುಪಾಲನಾ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತೇನೆ. ಹದಿನಾರು ಮಕ್ಕಳಿಗೆ ನಾವು ಇಬ್ಬರು. ಸಂಜೆ ಒಬ್ಬರು ಚೀಲ, ಬಟ್ಟೆ ಸಿದ್ಧಪಡಿಸಿ ಪೋಷಕರ ಜೊತೆ ಮಾತನಾಡಬೇಕು, ಇನ್ನೊಬ್ಬರು ಮಕ್ಕಳನ್ನು ಶೌಚಾಲಯಕ್ಕೆ ಕರೆದೊಯ್ಯಬೇಕು. ಟಿವಿ ಹಾಕದಿದ್ದರೆ ಮಕ್ಕಳು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಎಲ್ಲರೂ ಟಿವಿ ಬೇಡ ಎನ್ನುತ್ತಾರೆ, ಬದಲಿಗೆ ಏನು ಮಾಡಬೇಕೆಂದು ಯಾರೂ ಹೇಳುವುದಿಲ್ಲ.

ಉತ್ತರ: ನಿಮ್ಮ ದೂರು ನ್ಯಾಯವಾದದ್ದು. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ ಮತ್ತು ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಘ ಸೇರಿ ರೂಪಿಸಿದ ಮಾನದಂಡದ ಪ್ರಕಾರ ಒಂದರಿಂದ ಮೂರು ವರ್ಷದೊಳಗಿನ ನಾಲ್ಕು ಮಕ್ಕಳಿಗೆ ಒಬ್ಬರು, ಮೂರು ವರ್ಷದ ಏಳು ಮಕ್ಕಳಿಗೆ ಒಬ್ಬರು ಇರಬೇಕು. ಎಂಟು ಮಕ್ಕಳಿಗೆ ಒಬ್ಬರೆಂಬ ನಿಮ್ಮ ಲೆಕ್ಕ ನಾಲ್ಕು ವರ್ಷದವರಿಗಾದರೆ ಸರಿಹೋಗಬಹುದು, ಅದಕ್ಕಿಂತ ಚಿಕ್ಕವರಿದ್ದರೆ ಸಾಲದು. ಕೈಗಳು ಸಾಲದೆ ಟಿವಿ ಬಂದಿರುವ ಕಡೆ, ದಿನದ ಆ ಒಂದು ಗಂಟೆಗಾದರೂ ಇನ್ನೊಬ್ಬರನ್ನು ನೇಮಿಸಬೇಕಾದ ಹೊಣೆ ಕೇಂದ್ರ ನಡೆಸುವವರದು. ಅದನ್ನು ನಿಮ್ಮ ತಾಳ್ಮೆಯಿಂದ ಭರ್ತಿ ಮಾಡಲಾಗದು. ಪೋಷಕರು ಈ ಪತ್ರವನ್ನು ಓದಿ, ಮೇಲ್ವಿಚಾರಕರ ಬಳಿ ಆ ಬೇಡಿಕೆಯನ್ನೂ ಇಟ್ಟರೆ ನಿಮಗೆ ಅನುಕೂಲವಾದೀತು.

ಅಲ್ಲಿಯವರೆಗೆ ಮಾಡಬಹುದಾದ ಕೆಲವು ಕೆಲಸಗಳಿವೆ. ಸಂಜೆಯ ಗದ್ದಲಕ್ಕೆ ಮುಖ್ಯ ಕಾರಣ ಮಕ್ಕಳ ದಣಿವು, ಹಸಿವು ಮತ್ತು ಮೈಯಲ್ಲಿ ಉಳಿದ ಚಡಪಡಿಕೆ. ಕರೆದೊಯ್ಯುವ ಸಮಯಕ್ಕೆ ಸುಮಾರು ಒಂದು ಗಂಟೆ ಮುಂಚೆ ಹೊರಗಿನ ಆಟ, ಅದರ ಬೆನ್ನಿಗೇ ತಿಂಡಿ ಎಂಬಂತೆ ವೇಳಾಪಟ್ಟಿಯನ್ನು ಹಿಂದುಮುಂದು ಮಾಡಿದರೆ ಅರ್ಧ ಕೆಲಸ ಆದಂತೆ. ಚೀಲ ತುಂಬುವ ಕೆಲಸವನ್ನು ಮಧ್ಯಾಹ್ನ ಮಕ್ಕಳು ಮಲಗಿದ್ದಾಗಲೇ ಮುಗಿಸಿಡಬಹುದು. ಕೆಲವು ಆಟಿಕೆಗಳನ್ನು ದಿನವಿಡೀ ಒಳಗಿಟ್ಟು ಆ ಹೊತ್ತಿಗೆ ಮಾತ್ರ ತೆಗೆಯಿರಿ. ಬೆಳಗಿನಿಂದ ಕಾಣದ ಮರದ ತುಂಡುಗಳಿಗೆ ಸಂಜೆ ಹೊಸತನ ಬಂದಿರುತ್ತದೆ. ಹದಿನಾರು ಮಕ್ಕಳನ್ನು ಒಂದೇ ಗುಂಪಾಗಿ ಬಿಟ್ಟರೆ ಎಳೆದಾಟ ಖಚಿತ, ಆದುದರಿಂದ ಕೋಣೆಯ ಮೂರು ಮೂಲೆಗಳಲ್ಲಿ ಮೂರು ಬಗೆಯ ಕೆಲಸ ಹರಡಿಟ್ಟು, ಐದಾರು ಮಂದಿಯಂತೆ ಕೂರಿಸಿ. ಟಿವಿ ಬೇಡವೆಂದರೆ ಶಬ್ದವೂ ಬೇಡವೆಂದು ಅರ್ಥವಲ್ಲ: ಹಾಡು, ಕಥೆಗಳ ಧ್ವನಿಮುದ್ರಣ ಹಾಕಿದರೆ ಮಕ್ಕಳು ಕೈಯ ಕೆಲಸ ಬಿಡದೆ ಕೇಳುತ್ತಾರೆ, ಕುಣಿಯಬೇಕೆನಿಸಿದವರು ಕುಣಿಯುತ್ತಾರೆ. ನಾಲ್ಕು ವರ್ಷದವರಿಗೆ ಚಪ್ಪಲಿ ಜೋಡಿಸುವ, ಲೋಟ ಎತ್ತಿಡುವ ಕೆಲಸವನ್ನೇ ಕೊಡಿ. ನಿಧಾನವಾಗುತ್ತದೆ, ಆದರೆ ಆ ಹೊತ್ತಿಗೆ ಬೇಕಾದದ್ದು ವೇಗವಲ್ಲವಲ್ಲ.

ಇಷ್ಟೆಲ್ಲ ಮಾಡಿಯೂ ಒಬ್ಬರು ರಜೆಯಲ್ಲಿದ್ದ ದಿನ ಟಿವಿ ಹಾಕಬೇಕಾಗಿ ಬಂದರೆ ಹಾಕಿ, ಮತ್ತು ಅದನ್ನು ಆ ದಿನದ ವರದಿಯಲ್ಲಿ ಬರೆದು ಪೋಷಕರಿಗೆ ತಿಳಿಸಿ. ಹಾಗೆ ತಿಳಿಸಿದರೆ ಅವರು ಆ ಸಂಜೆ ಮನೆಯಲ್ಲಿ ಟಿವಿ ಹಾಕದಿರಬಹುದು.

ಪ್ರಶ್ನೆ: ನಾಲ್ಕು ವರ್ಷದ ಮಗ ಟ್ಯಾಬ್ ಆರಿಸುವಾಗ ಪ್ರತಿದಿನ ನೆಲಕ್ಕೆ ಬಿದ್ದು ಹೊರಳಾಡುತ್ತಾನೆ. ‘ಇನ್ನು ಎರಡೇ ನಿಮಿಷ’ ಎಂದು ಮುಂಚಿತವಾಗಿಯೇ ಹೇಳಿದರೂ ಪ್ರಯೋಜನವಿಲ್ಲ.

ಉತ್ತರ: ಪ್ರಯೋಜನವಿಲ್ಲದಿರುವುದು ಹಾಗಿರಲಿ, ಆ ಮುನ್ಸೂಚನೆಯೇ ರಂಪವನ್ನು ಹೆಚ್ಚಿಸುತ್ತಿರಬಹುದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಲೆಕ್ಸಿಸ್ ಹಿನಿಕರ್ ಮತ್ತು ಸಂಗಡಿಗರು 2016ರಲ್ಲಿ, ಒಂದರಿಂದ ಐದು ವರ್ಷದ ಮಕ್ಕಳ ಮನೆಗಳಲ್ಲಿ ಪರದೆ ಆರಿಸುವ ಕ್ಷಣಗಳನ್ನೇ ದಾಖಲಿಸಿ ನೋಡಿದಾಗ, ಎರಡು ನಿಮಿಷದ ಮುನ್ಸೂಚನೆ ಕೊಟ್ಟ ಸಂದರ್ಭಗಳಲ್ಲಿ ಮಕ್ಕಳ ಪ್ರತಿರೋಧ ಹೆಚ್ಚಾಗಿರುವುದು ಕಂಡುಬಂತು. ಆರಿಸುವುದು ದಿನಚರಿಯ ಒಂದು ಭಾಗವಾಗಿದ್ದಾಗ, ಅಥವಾ ನೋಡುತ್ತಿದ್ದದ್ದು ತಾನಾಗಿ ಮುಗಿದಾಗ ಮಕ್ಕಳು ಸುಲಭವಾಗಿ ಎದ್ದು ಬರುತ್ತಿದ್ದರು. ಕಾರಣವನ್ನು ಊಹಿಸುವುದು ಕಷ್ಟವಲ್ಲ: ನಾಲ್ಕು ವರ್ಷದ ಮಗುವಿಗೆ ಎರಡು ನಿಮಿಷವೆಂದರೆ ಎಷ್ಟೆಂದು ತಿಳಿಯದು, ಅದಕ್ಕೆ ಕೇಳಿಸುವುದು ‘ಕಿತ್ತುಕೊಳ್ಳುತ್ತೇನೆ’ ಎಂಬ ಸೂಚನೆ ಮತ್ತು ಅಮ್ಮ ಅಥವಾ ಅಪ್ಪನ ಜೊತೆ ವಾದ ಮಾಡಲು ಸಿಕ್ಕ ಎರಡು ನಿಮಿಷದ ಅವಕಾಶ.

ಹಾಗಾಗಿ ನಿಮಿಷದ ಬದಲು ಕಥೆಯ ಕೊನೆಯನ್ನೇ ಗಡಿ ಮಾಡಿ: ‘ಈ ಒಂದು ಕಥೆ, ಅದಾದ ಮೇಲೆ ಸ್ನಾನ.’ ಒಂದು ವಿಡಿಯೊ ಮುಗಿದೊಡನೆ ಇನ್ನೊಂದು ತಾನಾಗಿ ಶುರುವಾಗುವ ಆಟೊಪ್ಲೇ ಸೌಲಭ್ಯವನ್ನು ಇಂದೇ ಆಫ್ ಮಾಡಿ. ಅದು ಇರುವವರೆಗೆ ಕೊನೆಯೆಂಬುದೇ ಇರುವುದಿಲ್ಲ, ಮತ್ತು ಪ್ರತಿ ಬಾರಿಯೂ ನೀವೇ ಖಳನಾಯಕರಾಗಬೇಕಾಗುತ್ತದೆ. ಸಾಧ್ಯವಾದರೆ ಆನ್‌ಲೈನ್ ವೇದಿಕೆಗಳ ಬದಲು ಮೊದಲೇ ಇಳಿಸಿಟ್ಟ ಎರಡು ಮೂರು ಕಥೆಗಳನ್ನು ಮಾತ್ರ ಟ್ಯಾಬ್‌ನಲ್ಲಿಡಿ. ಆರಿಸುವ ಗುಂಡಿಯನ್ನು ಅವನೇ ಒತ್ತಲಿ. ಅತ್ತ ದಿನ ಮಾತ್ರ ಹೆಚ್ಚುವರಿ ಐದು ನಿಮಿಷ ಕೊಡಬೇಡಿ. ಒಮ್ಮೆ ಕೊಟ್ಟರೆ ಅಳು ಫಲ ಕೊಡುತ್ತದೆಂದು ಅವನು ತಿಳಿಯುತ್ತಾನೆ.

ಪ್ರಶ್ನೆ: ಮನೆಯಲ್ಲಿ ಹಿರಿಯರಿದ್ದಾರೆ. ಬೆಳಗಿನಿಂದ ರಾತ್ರಿಯವರೆಗೆ ಟಿವಿ ಓಡುತ್ತಲೇ ಇರುತ್ತದೆ. ಒಂದೂವರೆ ವರ್ಷದ ಮಗು ಅದರತ್ತ ತಿರುಗಿಯೂ ನೋಡುವುದಿಲ್ಲ, ತನ್ನ ಪಾಡಿಗೆ ಆಡಿಕೊಂಡಿರುತ್ತದೆ. ಹಾಗಿದ್ದೂ ತೊಂದರೆಯೇ?

ಉತ್ತರ: ತೊಂದರೆಯೇ. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಒಂದರಿಂದ ಮೂರು ವರ್ಷದ ಮಕ್ಕಳನ್ನು ಆಟಿಕೆಗಳ ಜೊತೆ ಒಂದು ಗಂಟೆ ಬಿಟ್ಟು, ಅರ್ಧ ಗಂಟೆ ಮಾತ್ರ ದೊಡ್ಡವರ ರಸಪ್ರಶ್ನೆ ಕಾರ್ಯಕ್ರಮವೊಂದನ್ನು ಟಿವಿಯಲ್ಲಿ ಹಾಕಿಟ್ಟರು. ಮಕ್ಕಳು ಅದನ್ನು ನೋಡಿದ್ದು ಆಗೊಮ್ಮೆ ಈಗೊಮ್ಮೆ ಕೆಲವು ಕ್ಷಣ ಮಾತ್ರ. ಆದರೂ ಟಿವಿ ಇದ್ದಾಗ ಅವರ ಆಟ ತುಂಡುತುಂಡಾಯಿತು, ಒಂದೇ ಆಟಿಕೆಯಲ್ಲಿ ಮನಸ್ಸು ನಿಲ್ಲುವ ಹೊತ್ತು ಕಡಿಮೆಯಾಯಿತು. ಇದಕ್ಕಿಂತ ದೊಡ್ಡ ನಷ್ಟ ದೊಡ್ಡವರ ಕಡೆಯಿಂದ ಆಗುವುದು. ಮಕ್ಕಳ ಮೈಮೇಲೆ ಧ್ವನಿಮುದ್ರಕವಿಟ್ಟು ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟಿವಿ ಕೇಳಿಸುತ್ತಿದ್ದ ಪ್ರತಿ ಗಂಟೆಗೆ ಮಗುವಿನ ಕಿವಿಗೆ ಬೀಳುವ ದೊಡ್ಡವರ ಮಾತು ಸುಮಾರು 770 ಪದಗಳಷ್ಟು ಕಡಿಮೆಯಾಗಿತ್ತು.

ಹಿರಿಯರಿಗೆ ‘ಟಿವಿ ಬಂದ್’ ಎಂದು ಹೇಳಿ ಮನೆಯಲ್ಲಿ ಬೇಸರ ಕಟ್ಟಿಕೊಳ್ಳಬೇಕಾಗಿಲ್ಲ. ಅವರು ಮನಸ್ಸಿಟ್ಟು ನೋಡುವ ಕಾರ್ಯಕ್ರಮಗಳು ದಿನಕ್ಕೆ ಎರಡೋ ಮೂರೋ ಇರುತ್ತವೆ; ಅವು ಇರಲಿ, ಆ ಹೊತ್ತಿಗೆ ಮಗು ಇನ್ನೊಂದು ಕೋಣೆಯಲ್ಲಿ ಆಡಲಿ. ಉಳಿದ ಹೊತ್ತು ಯಾರೂ ನೋಡದೆ ಓಡುವ ಟಿವಿಯನ್ನು ಆರಿಸಲು ಯಾರ ಅಡ್ಡಿಯೂ ಇರಲಾರದು.

ಪ್ರಶ್ನೆ: ಎಂಟು ವರ್ಷದ ಮಗಳ ಶಾಲೆಯ ಕೆಲಸವೂ ಈಗ ಕಂಪ್ಯೂಟರಿನಲ್ಲೇ. ಅದನ್ನೂ ಮಿತಿಯಲ್ಲಿ ಸೇರಿಸಬೇಕೆ? ಕಣ್ಣಿನ ಗತಿಯೇನು?

ಉತ್ತರ: ಐದು ವರ್ಷ ದಾಟಿದವರಿಗೆ ವಿಶ್ವ ಆರೋಗ್ಯ ಸಂಸ್ಥೆ ನಿಮಿಷಗಳ ಮಿತಿ ಹಾಕಿಲ್ಲ; ಮನರಂಜನೆಗಾಗಿ ಪರದೆಯ ಮುಂದೆ ಕೂರುವುದನ್ನು ಕಡಿಮೆ ಮಾಡಿ ಎಂದಷ್ಟೇ ಹೇಳುತ್ತದೆ. ಶಾಲೆಯ ಕೆಲಸವನ್ನು ಮನರಂಜನೆಯ ಲೆಕ್ಕದಿಂದ ಹೊರಗಿಡಿ, ಆದರೆ ಕಣ್ಣು ಮತ್ತು ನಿದ್ದೆಗಳಿಗೆ ಈ ಭೇದ ತಿಳಿಯದು. ಚೀನಾದ ಗುವಾಂಗ್‌ಜೌ ನಗರದ ಶಾಲೆಗಳಲ್ಲಿ ಆರು ವರ್ಷದ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಾಂಗಣ ಚಟುವಟಿಕೆ ಕೊಟ್ಟು ಮೂರು ವರ್ಷ ನೋಡಿದಾಗ, ಹೊಸದಾಗಿ ಸಮೀಪದೃಷ್ಟಿ ಬಂದವರು ಆ ಶಾಲೆಗಳಲ್ಲಿ ಶೇಕಡ 30.4, ಉಳಿದ ಶಾಲೆಗಳಲ್ಲಿ ಶೇಕಡ 39.5 ಇದ್ದರು. ಹಾಗಾಗಿ ಕಂಪ್ಯೂಟರಿನ ಕೆಲಸ ಎಷ್ಟೇ ಇರಲಿ, ಹಗಲು ಬೆಳಕಿನಲ್ಲಿ ಹೊರಗೆ ಆಡುವ ಹೊತ್ತನ್ನು ಮೊದಲು ತೆಗೆದಿಡಿ. ಮಲಗುವ ಒಂದು ಗಂಟೆ ಮುಂಚೆ ಎಲ್ಲವೂ ಆರಿರಲಿ, ಚಾರ್ಜರ್ ಮಲಗುವ ಕೋಣೆಯ ಹೊರಗಿರಲಿ. ಈ ವಯಸ್ಸಿಗೆ ದಿನಕ್ಕೆ ಒಟ್ಟು 9ರಿಂದ 12 ಗಂಟೆಗಳಷ್ಟು ನಿದ್ದೆ ಬೇಕು.

ಪ್ರಶ್ನೆ: ಮನೆಯಿಂದಲೇ ಕಚೇರಿ ಕೆಲಸ ಮಾಡುವ ಒಂಟಿ ತಾಯಿ ನಾನು. ಮೀಟಿಂಗ್ ಇದ್ದಾಗ ಮೂರೂವರೆ ವರ್ಷದ ಮಗನಿಗೆ ಟಿವಿ ಹಾಕುತ್ತೇನೆ, ಆಮೇಲೆ ಇಡೀ ದಿನ ಅಪರಾಧಿ ಎನಿಸುತ್ತದೆ.

ಉತ್ತರ: ಆ ಟಿವಿಯ ಬಗ್ಗೆ ನನಗೆ ತಕರಾರಿಲ್ಲ. ಯಾವ ಹೊತ್ತಿಗೆ, ಯಾವ ಕಾರ್ಯಕ್ರಮ, ಎಷ್ಟು ಹೊತ್ತು ಎಂಬುದನ್ನು ನೀವು ಮೊದಲೇ ಆರಿಸಿದ್ದರೆ, ಒಟ್ಟು ಒಂದು ಗಂಟೆಯ ಒಳಗಿದ್ದರೆ, ಅದು ಯೋಚಿಸಿ ಮಾಡಿದ ಬಳಕೆ. ನಿಧಾನಗತಿಯ, ಒಂದೇ ಕಥೆಯಿರುವ ಕಾರ್ಯಕ್ರಮವನ್ನು ದೊಡ್ಡ ಪರದೆಯಲ್ಲಿ ಹಾಕಿ; ಮೊಬೈಲನ್ನು ಕೈಗೆ ಕೊಟ್ಟರೆ ಅವನು ಏನು ನೋಡುತ್ತಿದ್ದಾನೆಂಬುದು ನಿಮಗೆ ಕಾಣುವುದಿಲ್ಲ. ಮೀಟಿಂಗ್ ಮುಗಿದ ಮೇಲೆ ಕಥೆಯಲ್ಲಿ ಏನಾಯಿತೆಂದು ಕೇಳಿ.

ನಾನು ಬೇಡವೆನ್ನುವುದು ಬೇರೊಂದು ಬಳಕೆ: ಮಗು ಅತ್ತಾಗ, ಸಿಟ್ಟು ಮಾಡಿಕೊಂಡಾಗ ಸಮಾಧಾನಕ್ಕೆಂದು ಮೊಬೈಲ್ ಕೊಡುವುದು. ಮೂರರಿಂದ ಐದು ವರ್ಷದ ಮಕ್ಕಳ ಮೇಲೆ ಮಿಶಿಗನ್ ವಿಶ್ವವಿದ್ಯಾಲಯದ ಜೆನ್ನಿ ರಡೆಸ್ಕಿ ಮತ್ತು ಸಂಗಡಿಗರು ನಡೆಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಪದೇಪದೇ ಸಮಾಧಾನ ಪಡೆದ ಮಕ್ಕಳಲ್ಲಿ, ವಿಶೇಷವಾಗಿ ಗಂಡುಮಕ್ಕಳಲ್ಲಿ ಮತ್ತು ಹುಟ್ಟಿನಿಂದಲೇ ಹೆಚ್ಚು ಚಟುವಟಿಕೆಯಿರುವ ಮಕ್ಕಳಲ್ಲಿ, ಮುಂದಿನ ತಿಂಗಳುಗಳಲ್ಲಿ ಭಾವನೆಗಳ ಏರುಪೇರು ಹೆಚ್ಚಾಗಿತ್ತು. ಅಳುವ ಮಗುವನ್ನು ಎತ್ತಿಕೊಂಡು ಸುಮ್ಮನೆ ಕೂರುವುದಕ್ಕೆ ಹಿಡಿಯುವ ಹತ್ತು ನಿಮಿಷವನ್ನು ಉಳಿಸಲು ಹೋಗಬೇಡಿ. ಮೀಟಿಂಗ್ ನಡುವೆಯೇ ಅತ್ತರೆ, ಕ್ಯಾಮೆರಾ ಆರಿಸಿ ಎತ್ತಿಕೊಳ್ಳಿ.

ಪ್ರಶ್ನೆ: ಮಗನಿಗೆ ಎರಡು ವರ್ಷ ಎರಡು ತಿಂಗಳು. ಮಾತು ನಾಲ್ಕೈದು ಪದ ಮಾತ್ರ. ಮೊಬೈಲ್ ಹೆಚ್ಚಾಗಿ ನೋಡಿದ್ದೇ ಕಾರಣ, ನಿಲ್ಲಿಸಿದರೆ ತಾನಾಗಿ ಮಾತು ಬರುತ್ತದೆ ಎನ್ನುತ್ತಾರೆ. ಆರು ತಿಂಗಳು ಕಾದು ನೋಡೋಣವೆ?

ಉತ್ತರ: ಮೊಬೈಲ್ ನಿಲ್ಲಿಸಿ, ಆದರೆ ಕಾಯಬೇಡಿ. ಎರಡು ವರ್ಷದ ಹೊತ್ತಿಗೆ ಮಕ್ಕಳು ‘ಅಮ್ಮ ಬಾ’, ‘ಹಾಲು ಬೇಕು’ ಎಂಬಂತೆ ಎರಡು ಪದಗಳನ್ನು ಜೋಡಿಸಲು ಆರಂಭಿಸುತ್ತಾರೆ. ನಾಲ್ಕೈದು ಪದ ಮಾತ್ರ ಇದೆಯೆಂದರೆ ಈಗಲೇ ಮಕ್ಕಳ ವೈದ್ಯರನ್ನು ಕಂಡು, ಮೊದಲು ಶ್ರವಣ ಪರೀಕ್ಷೆ ಮಾಡಿಸಬೇಕು. ಹೆಚ್ಚು ಪರದೆ ನೋಡಿದ ಮಕ್ಕಳಲ್ಲಿ ಮುಂದೆ ಬೆಳವಣಿಗೆಯ ಪರೀಕ್ಷೆಗಳ ಅಂಕ ಕಡಿಮೆಯಿದ್ದುದನ್ನು 2019ರಲ್ಲಿ ಕೆನಡಾದ ಅಧ್ಯಯನವೊಂದು ತೋರಿಸಿದೆ ನಿಜ. ಆದರೆ ಅದು ಹಲವು ಮಕ್ಕಳ ಸರಾಸರಿಯ ಮಾತು, ನಿಮ್ಮ ಮಗನ ಮಾತು ಏಕೆ ತಡವಾಯಿತೆಂಬುದನ್ನು ಅದರಿಂದ ನಿರ್ಧರಿಸಲಾಗದು. ಕಿವಿ ಮಂದವಿರುವ, ಅಥವಾ ಆಟಿಸಂ ಇರುವ ಮಗು ಜನರಿಗಿಂತ ಪರದೆಯತ್ತ ಹೆಚ್ಚು ಒಲಿದಿರಬಹುದು, ಮನೆಯವರು ಆ ಒಲವನ್ನೇ ಕಾರಣವೆಂದು ತಿಳಿದು ತಿಂಗಳುಗಳನ್ನು ಕಳೆದುಕೊಳ್ಳಬಹುದು. ಮೊಬೈಲ್ ನೋಡುವುದರಿಂದ ಆಟಿಸಂ ಬರುತ್ತದೆ ಎಂಬ ಪ್ರಚಾರವನ್ನೂ ನಂಬಬೇಡಿ.

ವೈದ್ಯರು ಕೇಳುವುದು ಪದಗಳ ಎಣಿಕೆಯನ್ನು ಮಾತ್ರವಲ್ಲ. ಹೆಸರು ಕರೆದರೆ ತಿರುಗುತ್ತಾನೆಯೇ, ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಾನೆಯೇ, ಕೈಸನ್ನೆ ಇಲ್ಲದೆ ಹೇಳಿದ ಚಿಕ್ಕ ಕೆಲಸವನ್ನು ಮಾಡುತ್ತಾನೆಯೇ, ಮೊದಲು ಆಡುತ್ತಿದ್ದ ಪದವನ್ನು ಬಿಟ್ಟಿದ್ದಾನೆಯೇ ಎಂಬುದನ್ನು ಒಂದು ವಾರ ಗಮನಿಸಿ ಬರೆದಿಟ್ಟುಕೊಳ್ಳಿ. ಹೊಸ ಜಾಗದಲ್ಲಿ ಮಕ್ಕಳು ಬಾಯಿ ಬಿಡದಿರುವುದೇ ಹೆಚ್ಚು, ಆದ್ದರಿಂದ ಮನೆಯಲ್ಲಿ ಅವನು ಆಡುತ್ತಾ ಸದ್ದು ಮಾಡುವ, ಕರೆಗೆ ಓಗೊಡುವ ಎರಡು ಮೂರು ತುಣುಕುಗಳನ್ನು ಅವನಿಗೆ ಕಾಣದಂತೆ ನಿಮ್ಮ ಮೊಬೈಲಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿ.